ಲಿಫ್ಟ್ ಬಾವಿಯಲ್ಲಿ ದಡದ ರಾಗ

ಪಿಟೀಲಮ್ಮ ಮೊದಲು ಕೇಳಿದ್ದು ಅವನ ದನಿಯನ್ನು. ಮುಖ ಕಂಡದ್ದು ಮುಕ್ಕಾಲು ಗಂಟೆಯ ಮೇಲೆ.

ಆಗಿನ್ನೂ ಅವಳಿಗೆ ಆ ಹೆಸರು ಬಿದ್ದಿರಲಿಲ್ಲ. ಐದನೇ ಮಹಡಿಯ ಹಲ್ಲಿನ ಆಸ್ಪತ್ರೆಯಲ್ಲಿ ಮುಂದಿನ ಮೇಜಿನ ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿತ್ತು. ಬಂದವರ ಹೆಸರು ಬರೆದುಕೊಳ್ಳುವುದು, ಫೋನ್ ಎತ್ತುವುದು, ಕೆನ್ನೆ ಹಿಡಿದುಕೊಂಡು ಕೂತವರಿಗೆ ಇನ್ನೇನು ನಿಮ್ಮ ಸರದಿ ಎಂದು ಹೇಳುವುದು ಅವಳ ಕೆಲಸ. ಅಂದು ಬುಧವಾರ. ಪಿಟೀಲಿನ ತಂತಿ ಬದಲಾಯಿಸಿಕೊಂಡು ಊಟದ ಬಿಡುವು ಮುಗಿಯುವುದರೊಳಗೆ ಬಂದುಬಿಡಬೇಕೆಂದು ಓಡೋಡಿ ಬಂದು ಲಿಫ್ಟ್ ಹತ್ತಿದ್ದಳು. ನಾಲ್ಕನೇ ಮಹಡಿ ದಾಟುತ್ತಿದ್ದಂತೆ ದೀಪ ಹೋಯಿತು. ಲಿಫ್ಟ್ ಒಮ್ಮೆ ಬಿಕ್ಕಿದಂತೆ ಮಾಡಿ ನಿಂತೇಬಿಟ್ಟಿತು.

ಅವಳು ಕತ್ತಲಲ್ಲಿ ಗೋಡೆ ತಡಕಿದಳು. ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದಳು. ಬಾಗಿಲು ಬಡಿದಳು. ಕೊನೆಗೆ ಪಿಟೀಲಿನ ಪೆಟ್ಟಿಗೆಯನ್ನು ತಬ್ಬಿಕೊಂಡು ಮೂಲೆಯಲ್ಲಿ ಕುಕ್ಕರಿಸಿದಳು. ಆಗ ತಲೆಯ ಮೇಲಿನಿಂದ ದನಿ ಬಂತು.

"ಒಳಗೆ ಎಷ್ಟು ಜನ ಇದ್ದೀರಿ?"

"ಒಬ್ಬಳೇ!"

"ಒಳ್ಳೇದಾಯ್ತು. ಜಗಳ ಆಗಲ್ಲ." ದನಿಯಲ್ಲಿ ಅವಸರವೇ ಇರಲಿಲ್ಲ. "ಗುಂಡಿ ಒತ್ತಬೇಡಿ, ಬಾಗಿಲು ಎಳೀಬೇಡಿ. ಕೆಳಗೆ ಬೀಳಲ್ಲ, ಅದಕ್ಕೆ ನಾನು ಜವಾಬ್ದಾರಿ. ಕರೆಂಟ್ ಇಲ್ಲ, ಕೈಯಲ್ಲೇ ತಿರುಗಿಸಿ ಮೇಲೆ ತರ್ತೀನಿ. ಹೊತ್ತಾಗತ್ತೆ. ಅಲ್ಲೀತನಕ ಏನಾದ್ರೂ ಮಾತಾಡ್ತಾ ಇರಿ. ನಿಮ್ಮ ದನಿ ಕೇಳ್ತಿದ್ರೆ ನನಗೂ ಧೈರ್ಯ."

ಅವಳಿಗೆ ಮಾತು ಹೊರಡಲಿಲ್ಲ.

"ಕೈಯಲ್ಲೇನಿದೆ? ಹತ್ತುವಾಗ ದೊಡ್ಡದೇನೋ ತಗುಲಿದ ಸದ್ದಾಯ್ತು."

"ಪಿಟೀಲು."

"ಮತ್ತೇನು! ಬಾರಿಸಿ. ಬಾಯಿಗೆ ಕಷ್ಟ ತಪ್ಪಿತು."

ಬೇರೆ ಯಾವ ಹೊತ್ತಿನಲ್ಲಾದರೂ ಆ ಮಾತಿಗೆ ಅವಳು ಮುಖ ತಿರುಗಿಸುತ್ತಿದ್ದಳು. ಅಂದು ಫೋನಿನ ದೀಪದಲ್ಲಿ ಪೆಟ್ಟಿಗೆ ತೆರೆದು, ಕೂತಲ್ಲೇ ಪಿಟೀಲನ್ನು ಭುಜಕ್ಕೇರಿಸಿದಳು. ಕಲಿತ ಪಾಠ ಒಂದೂ ನೆನಪಾಗಲಿಲ್ಲ. ಬೆರಳುಗಳಿಗೆ ತಾನಾಗಿಯೇ ಬಂದದ್ದು ಎಳವೆಯಲ್ಲಿ ಚಿಕ್ಕಪ್ಪನ ಮಕ್ಕಳ ಜೊತೆ ಆಡುತ್ತಿದ್ದ ವಿಡಿಯೋ ಗೇಮಿನ ಒಂದು ರಾಗ. ಕಂದೀಲು ಹಿಡಿದ ದೋಣಿಯವನೊಬ್ಬ ಸುಳಿ, ಮೊಸಳೆ, ಬಂಡೆಗಳನ್ನೆಲ್ಲ ದಾಟಿ ಸುಸ್ತಾಗಿ ಒಂದು ದಡಕ್ಕೆ ಬರುತ್ತಾನೆ. ಅಲ್ಲಿ ಶತ್ರುಗಳಿಲ್ಲ, ಪ್ರಾಣ ಹೋಗುವ ಭಯವಿಲ್ಲ. ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ನಿಂತಷ್ಟೂ ಹೊತ್ತು ಅದೇ ರಾಗ ತಿರುತಿರುಗಿ ಬರುತ್ತಿರುತ್ತದೆ.

ನಾಲ್ಕು ಸಾಲು ಬಾರಿಸುವಷ್ಟರಲ್ಲಿ ಮೇಲಿನಿಂದ ಸಿಳ್ಳೆ ಕೇಳಿಸಿತು. ಅವಳು ಬಾರಿಸುತ್ತಿದ್ದ ರಾಗವಲ್ಲ, ಅದರ ಕೆಳಗೆ ಹರಿಯುವ ಎರಡನೇ ದನಿ. ಗೇಮ್ ಆಡಿದವರಲ್ಲಿ ನೂರಕ್ಕೊಬ್ಬರೂ ಗಮನಿಸದ ದನಿ. ಲಿಫ್ಟ್ ಅಲುಗಿತು. ಒಂದು ಗೇಣು ಮೇಲೇರಿ ನಿಂತಿತು. ಮತ್ತೆ ಒಂದು ಗೇಣು. ಅವಳು ನಿಲ್ಲಿಸಲಿಲ್ಲ.

ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದವನಿಗೆ ನಲವತ್ತೈದರ ಆಸುಪಾಸು. ಕುಳ್ಳು, ಗಟ್ಟಿಮುಟ್ಟು ಆಳು. ಮೊಣಕೈವರೆಗೆ ಗ್ರೀಸು. ಕೊರಳಲ್ಲಿ ದಾರಕ್ಕೆ ಕಟ್ಟಿದ ಎರಡು ಹಳದಿ ಸ್ಪಂಜಿನ ತುಂಡುಗಳು ನೇತಾಡುತ್ತಿದ್ದವು. ಯಂತ್ರದ ಕೋಣೆಗೆ ಹೋಗುವಾಗ ಕಿವಿಗೆ ತುರುಕಿಕೊಳ್ಳುವಂಥವು. ಹೇಗಿದ್ದೀರಿ, ಹೆದರಿದಿರಾ ಎಂದು ಅವನು ಕೇಳಲಿಲ್ಲ.

"ಮೂರನೇ ತಂತಿ ಕೂದಲೆಳೆಯಷ್ಟು ಇಳಿದಿದೆ," ಎಂದ. "ಮತ್ತೆ, ಅಷ್ಟು ಬೇಗ ಬೇಗ ಬಾರಿಸಬಾರದು. ದಡದಲ್ಲಿ ಯಾರೂ ಓಡಲ್ಲ."

ಅವಳಿಗೆ ಅಳು ಬರಬೇಕಿತ್ತು. ನಗು ಬಂತು.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಲಿಫ್ಟಣ್ಣ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಬಾಡಿಗೆ ಕರಾರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲವೇನೋ. ಆ ಕಟ್ಟಡವೂ ಸೇರಿ ಏಳು ಕಟ್ಟಡಗಳ ಲಿಫ್ಟ್ ಅವನ ಕೈಯಲ್ಲಿತ್ತು. ತಾರಸಿಯ ಮೇಲೆ, ಯಂತ್ರದ ಕೋಣೆಗೆ ಅಂಟಿಕೊಂಡ ಎರಡು ಕೋಣೆಯ ಮನೆಯಲ್ಲಿ ವಾಸ. ಲಿಫ್ಟಿನ ಕಾಯಿಲೆಯನ್ನು ಅವನು ಕಿವಿಯಿಂದಲೇ ಪತ್ತೆ ಹಚ್ಚುತ್ತಿದ್ದ. ಬಾಗಿಲ ಬಳಿ ಕಣ್ಣು ಮುಚ್ಚಿ ನಿಂತು, ಒಂದು ಸಲ ಮೇಲೆ ಹೋಗಿ ಕೆಳಗೆ ಬರಲಿ ಎನ್ನುತ್ತಿದ್ದ. ಬಂದ ಮೇಲೆ, "ಎರಡನೇ ಮಹಡಿ ಹತ್ತಿರ ಎಡಗಡೆ ಕಂಬಿ ಒಣಗಿದೆ, ಎಣ್ಣೆ ಕೇಳ್ತಿದೆ" ಎನ್ನುತ್ತಿದ್ದ. ಹೋಗಿ ನೋಡಿದರೆ ಹಾಗೇ ಇರುತ್ತಿತ್ತು.

ಮರುದಿನ ಅವನೇ ಹಲ್ಲಿನ ಆಸ್ಪತ್ರೆಯ ಮೇಜಿನ ಮುಂದೆ ಬಂದು ನಿಂತ. ಗ್ರೀಸು ತೊಳೆದು, ಇಸ್ತ್ರಿ ಅಂಗಿ ತೊಟ್ಟಿದ್ದ.

"ಹಲ್ಲು ನೋವಾ ಅಣ್ಣ?"

"ಹಲ್ಲು ಗಟ್ಟಿಯಿದೆ. ನೀವು ನಿನ್ನೆ ಬಾರಿಸಿದ್ರಲ್ಲ, ಆ ದಡದ ರಾಗ. ಅದನ್ನ ನಿಜವಾದ ವಾದ್ಯಗಳಲ್ಲಿ ನುಡಿಸಿ, ಮನೇಲೇ ರೆಕಾರ್ಡ್ ಮಾಡಿ, ಮಿಕ್ಸಿಂಗ್ ಮಾಡಬೇಕು ಅಂತಿದ್ದೀನಿ. ಗಿಟಾರ್ ನಾನು. ಕೊಳಲಿಗೆ ಒಬ್ಬರು ಮೇಷ್ಟ್ರು ಸಿಕ್ಕಿದ್ದಾರೆ. ಪಿಟೀಲೊಂದು ಬಾಕಿ ಇತ್ತು. ಲಿಫ್ಟೇ ತಂದುಕೊಟ್ಟಿತು." ಸ್ವಲ್ಪ ತಡೆದು, "ಐದು ವಾರ ಇದೆ ಅಷ್ಟೇ," ಎಂದ. ಯಾಕೆ ಐದೇ ವಾರ ಎಂದು ಅವಳು ಕೇಳಲಿಲ್ಲ. ಇಂಟರ್ನೆಟ್ಟಿಗೆ ಹಾಕುತ್ತೀರಾ ಎಂದಷ್ಟೇ ಕೇಳಿದಳು. ಹಾಕೋಣ ಎಂದ. ಅಷ್ಟು ಸಾಕಾಗಿತ್ತು. ಹನ್ನೆರಡು ವರ್ಷ ಪಿಟೀಲು ಕಲಿತು, ಮನೆಯವರ ಎದುರು ಬಿಟ್ಟರೆ ಬೇರೆಲ್ಲೂ ನುಡಿಸದವಳು ಅವಳು.

ಭಾನುವಾರ ಮಧ್ಯಾಹ್ನ ಎರಡಕ್ಕೆ ಹೋದಳು. ಆ ಮನೆಯ ಒಳಕೋಣೆಯನ್ನು ಅವಳು ಎಂದಿಗೂ ಮರೆಯಲಾರಳು. ಗೋಡೆಗೆ ಎರಡು ಹಾಸಿಗೆ ಒರಗಿಸಿತ್ತು. ಬಟ್ಟೆಯ ಬೀರು ಬಾಗಿಲು ತೆರೆದುಕೊಂಡು, ಅಂಗಿ, ಸ್ವೆಟರು, ಹಳೆಯ ಕಂಬಳಿಗಳನ್ನು ತೋರಿಸುತ್ತಾ ನಿಂತಿತ್ತು. ಅದರೆದುರು ಕೂತು ನುಡಿಸಿದರೆ ದನಿ ಬಟ್ಟೆಯಲ್ಲಿ ಹುದುಗಿಹೋಗಿ ಮರಳಿ ಬರುವುದಿಲ್ಲ. ಮೈಕಿನ ಕಾಲು ಹಳೆಯ ಮೇಜುದೀಪದ ಕಾಲು. ಫ್ರಿಜ್ಜಿನ ಪ್ಲಗ್ ಕಿತ್ತಿತ್ತು. ಗೋಡೆ ಗಡಿಯಾರವನ್ನು ಬಚ್ಚಲುಮನೆಯ ಬಕೆಟ್ಟಿನಲ್ಲಿ ಟವೆಲ್ ಸುತ್ತಿ ಮಲಗಿಸಿತ್ತು. ಲ್ಯಾಪ್‌ಟಾಪಿನ ಮೇಲ್ಗಡೆ ಗೋಡೆಗೆ ಒಂದು ಹಾಳೆ ಚುಚ್ಚಿತ್ತು. ಚೌಕಳಿ ಗೆರೆಗಳ ಮೇಲೆ ಎಡದಿಂದ ಬಲಕ್ಕೆ ಇಳಿಜಾರಾಗಿ ಬೀಳುವ ಗೀಟು. ಲಿಫ್ಟಿನ ಲೆಕ್ಕವಿರಬೇಕು ಎಂದುಕೊಂಡಳು.

ಕೊಳಲಿನ ಮೇಷ್ಟ್ರು ಆಗಲೇ ಬಂದು ಕೂತಿದ್ದರು. ಮೂವತ್ತೆರಡು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ವಿಡಿಯೋ ಗೇಮ್ ಎಂದರೆ ಏನೆಂದು ಇನ್ನೂ ಖಚಿತವಾಗಿ ಗೊತ್ತಿರಲಿಲ್ಲ.

"ಆ ದೋಣಿಯವನು ಯಾವ ನದೀಲಿ ಬರ್ತಾನಪ್ಪ?" ಎಂದು ಕೇಳಿದರು.

"ಯಾವ ನದೀನೂ ಅಲ್ಲ ಮೇಷ್ಟ್ರೇ. ಗೇಮು."

"ನದಿ ಅಂದ ಮೇಲೆ ಹುಟ್ಟೋ ಜಾಗ, ಸೇರೋ ಜಾಗ ಇರಬೇಕಲ್ಲ. ಸುಮ್ಮನೆ ಹರಿಯೋಕೆ ಅದೇನು ನಲ್ಲಿನಾ?"

ಅಂದಿನಿಂದ ಅವಳು ಪಿಟೀಲಮ್ಮ ಆದಳು. ಆ ಹೆಸರು ಇಟ್ಟದ್ದು ಮೇಷ್ಟ್ರೇ. ಲಿಫ್ಟಣ್ಣ ಎರಡನೇ ಭಾನುವಾರಕ್ಕೆಲ್ಲ 'ನೀವು' ಬಿಟ್ಟು 'ನೀನು'ವಿಗೆ ಇಳಿದ.

ಒಬ್ಬೊಬ್ಬರದ್ದೂ ಬೇರೆ ಬೇರೆಯಾಗಿ ರೆಕಾರ್ಡ್ ಆಯಿತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅವನ ಗಿಟಾರನ್ನು ಕೇಳುತ್ತಾ ಬೀರುವಿನ ಅಂಗಿಗಳಿಗೆ ಪಿಟೀಲು ನುಡಿಸಬೇಕು. ನಡುನಡುವೆ ಲಿಫ್ಟ್ ಓಡಿದರೆ ಗೋಡೆ ಗೊರಗೊರ ಎನ್ನುತ್ತಿತ್ತು. ಆಗ ನಿಲ್ಲಿಸಿ, ಅದು ನಿಂತ ಮೇಲೆ ಮತ್ತೆ ಮೊದಲಿನಿಂದ. ಒಂದು ಮಧ್ಯಾಹ್ನ ಹನ್ನೊಂದು ಸಲ ಹೀಗಾಯಿತು.

"ಅಣ್ಣ, ಸ್ವಿಚ್ ನಿಮ್ಮ ಮನೆ ಪಕ್ಕದಲ್ಲೇ ಇದೆ. ಹತ್ತು ನಿಮಿಷ ಆರಿಸಿಬಿಡಿ, ಯಾರಿಗೆ ಗೊತ್ತಾಗತ್ತೆ?"

"ಮೂರನೇ ಮಹಡಿ ಅಜ್ಜಿಯ ಮಂಡಿಗೆ ಗೊತ್ತಾಗತ್ತೆ," ಎಂದ. "ಲಿಫ್ಟ್ ನಿಲ್ಲಿಸೋದು ಲಿಫ್ಟಿಗೋಸ್ಕರ ಮಾತ್ರ. ನನಗೋಸ್ಕರ ಅಲ್ಲ. ಇಪ್ಪತ್ತೆರಡು ವರ್ಷದಿಂದ ಹಾಗೇ." ಆ ಮಾತನ್ನು ಅವನು ಗಡುಸಾಗಿ ಹೇಳಲಿಲ್ಲ. ಆದರೂ ಅವಳು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಗೇಮಿನಲ್ಲಿ ನಾಲ್ಕು ಸಾಲಿಗೊಮ್ಮೆ ಒಂದು ಸಣ್ಣ ಗಂಟೆ 'ಟಿಣ್' ಎನ್ನುತ್ತದೆ. ಅದಕ್ಕೆ ಮೇಷ್ಟ್ರು ಸ್ಟೀಲ್ ಲೋಟ, ಚಮಚ ಹಿಡಿದರು. ಅಡುಗೆಮನೆಯ ಆರು ಲೋಟಗಳನ್ನು ಒಂದೊಂದಾಗಿ ಬಡಿದು ನೋಡಿ, ಸ್ವರಕ್ಕೆ ಹೊಂದುವ ಒಂದನ್ನು ಲಿಫ್ಟಣ್ಣ ಆರಿಸಿದ. ಆ ಲೋಟದಲ್ಲಿ ಇನ್ನು ಮುಂದೆ ಯಾರೂ ನೀರು ಕುಡಿಯಬಾರದೆಂದು ಅಪ್ಪಣೆಯಾಯಿತು.

ಎಲ್ಲವನ್ನೂ ಒಟ್ಟಿಗೆ ಸೇರಿಸಿ ಕೇಳಿದ ದಿನ ಮೂವರ ಮುಖವೂ ಸಪ್ಪಗಾಯಿತು. ಒಂದೊಂದನ್ನೇ ಕೇಳಿದರೆ ಚೆನ್ನ. ಒಟ್ಟಿಗೆ ಕೇಳಿದರೆ ಮಾತುಬಿಟ್ಟ ಮೂರು ಮನೆಯವರು ಒಂದೇ ಬೀದಿಯಲ್ಲಿ ಕೂತು ತಮ್ಮ ತಮ್ಮ ಪಾಡಿಗೆ ನುಡಿಸುತ್ತಿದ್ದಂತೆ.

"ತಪ್ಪು ಬೀರುವಿನದು," ಎಂದ ಲಿಫ್ಟಣ್ಣ. "ದನಿಯ ಜೊತೆಗಿರೋ ಗಾಳೀನೆಲ್ಲ ಅದು ನುಂಗಿಬಿಟ್ಟಿದೆ. ಇವರನ್ನೆಲ್ಲ ಒಂದೇ ಸೂರಿನಡಿ ಕೂರಿಸಬೇಕು."

ಕಂಪ್ಯೂಟರಿನಲ್ಲೇ ಅಂಥ ಗುಂಗು ಕೂಡಿಸಬಹುದು, ಒಂದು ಗುಂಡಿ ಒತ್ತಿದರೆ ದೊಡ್ಡ ಸಭಾಂಗಣದ ಪ್ರತಿಧ್ವನಿ ಬರುತ್ತದೆ. ಅವನು ಒತ್ತಿ ನೋಡಿದ. ಮೂಗು ಮುರಿದ. "ಯಾರದೋ ಮದುವೆ ಮನೇಲಿ ನಾವು ಕೂತಂಗಿದೆ," ಎಂದ. ಆಮೇಲೆ ಎದ್ದು ಯಂತ್ರದ ಕೋಣೆಯ ಕಡೆ ನಡೆದ.

ಲಿಫ್ಟ್ ಓಡಾಡುವ ಎತ್ತರದ ಸಿಮೆಂಟಿನ ಕೊಳವೆಗೆ ಅವನ ಕಸುಬಿನಲ್ಲಿ ಬಾವಿ ಎನ್ನುತ್ತಾರೆ. ಯಂತ್ರದ ಕೋಣೆಯ ನೆಲದಲ್ಲಿ ಹಗ್ಗ ಇಳಿಯುವ ಕಂಡಿಗಳಿವೆ. ಒಂದು ಕಂಡಿಯ ಬಳಿ ಸ್ಪೀಕರ್ ಬೋರಲಿಟ್ಟು, ಇನ್ನೊಂದರ ಬಳಿ ಮೈಕ್ ಇಟ್ಟ. ಬೀರುವಿನೆದುರು ನುಡಿಸಿದ ಪಿಟೀಲನ್ನು ಸ್ಪೀಕರಿನಿಂದ ಬಾವಿಗೆ ಬಿಟ್ಟ. ಅದು ಆರು ಮಹಡಿ ಇಳಿದು, ತಳ ಮುಟ್ಟಿ, ಗೋಡೆಗಳನ್ನು ಸವರಿಕೊಂಡು ಮೇಲೆ ಬಂದು ಮೈಕಿಗೆ ಸಿಕ್ಕಿತು. ಆ ಗುಂಗನ್ನು ಹನಿಯಷ್ಟು ಹನಿಯಷ್ಟು ಮೂಲಕ್ಕೆ ಬೆರೆಸಿದ. ಕೊಳಲಿಗೂ ಹಾಗೇ, ಗಿಟಾರಿಗೂ ಹಾಗೇ. ಲಿಫ್ಟ್ ಓಡಿದಾಗಲೆಲ್ಲ ನಿಲ್ಲಿಸಿ ಕಾದ. ಒಂದು ಇಡೀ ಭಾನುವಾರ ಹಿಡಿದ ಕೆಲಸವದು.

ಕೇಳಿದಾಗ ಪಿಟೀಲಮ್ಮನ ಮೈ ಜುಮ್ಮೆಂದಿತು. ಅವಳು ಅಂದು ಸಿಕ್ಕಿಹಾಕಿಕೊಂಡು ನುಡಿಸಿದ್ದ ಅದೇ ಗಾಳಿಯಲ್ಲಿ ಈಗ ಮೂವರೂ ಇದ್ದರು. "ಈಗ ಒಂದೇ ನದಿ ಆಯ್ತು ನೋಡಪ್ಪ," ಎಂದರು ಮೇಷ್ಟ್ರು.

ಇಷ್ಟೆಲ್ಲ ಆದ ಮೇಲೆ ಜಗಳವಾಯಿತು.

ಮೂಲದಲ್ಲಿ ಪಿಟೀಲಮ್ಮ ಸಣ್ಣ ತಂತಿಯ ಮೇಲೆ, ಎತ್ತರದ ಸ್ವರದಲ್ಲಿ ರಾಗ ನುಡಿಸಿದ್ದಳು. ಬೆಳ್ಳಿ ಎಳೆಯಂತೆ ಬಂದಿತ್ತು, ಅವಳಿಗೇ ಹೆಮ್ಮೆ. ಲಿಫ್ಟಣ್ಣ ಒಂದು ದಿನ, ಇರಲಿ ಎಂದು ಅದನ್ನೇ ದಪ್ಪ ತಂತಿಯ ಮೇಲೂ ನುಡಿಸಿಕೊಂಡಿದ್ದ. ಈಗ ಮಿಕ್ಸಿಂಗ್ ಕೇಳಿದರೆ ಮುಂದೆ ಕೂತಿರುವುದು ದಪ್ಪ ತಂತಿ! ಬೆಳ್ಳಿ ಎಳೆ ಎಲ್ಲೋ ಗೋಡೆಯಾಚೆ. ಮೇಷ್ಟ್ರ ಕೊಳಲೂ ಬದಲಾಗಿತ್ತು. ಅವರ ಕೈಯಲ್ಲಿ ಮೊಳದುದ್ದದ ಕೊಳಲು ಹಿಡಿಸಿ ತಗ್ಗಿನಲ್ಲೇ ಊದಿಸಿದ್ದ.

"ಇದೇನಣ್ಣ, ನನ್ನ ಪಿಟೀಲನ್ನ ಹೂತುಹಾಕಿದ್ದೀರಾ?"

"ಇದೆಯಲ್ಲಮ್ಮ, ಹಿಂದೆ ಇದೆ."

"ಹಿಂದೆ ಇರೋಕೆ ಹನ್ನೆರಡು ವರ್ಷ ಕಲೀಬೇಕಿತ್ತಾ? ಈ ಗೊರಗೊರ ಬೇಕಿದ್ರೆ ಒಂದು ಕಪ್ಪೆ ಹಿಡ್ಕೊಂಡು ಬರ್ತಿದ್ರಿ. ಊಟ ಹಾಕೋದೂ ಸುಲಭ!"

ಮೇಷ್ಟ್ರು ನಗು ತಡೆಯಲಾರದೆ ಕೊಳಲು ಒರೆಸತೊಡಗಿದರು. ಲಿಫ್ಟಣ್ಣ ನಗಲೂ ಇಲ್ಲ, ರೇಗಲೂ ಇಲ್ಲ. ಗೋಡೆಗೆ ಚುಚ್ಚಿದ್ದ ಹಾಳೆಯನ್ನು ಬಿಡಿಸಿ ಅವಳ ಮುಂದಿಟ್ಟ.

"ಇದೇನು ಗೊತ್ತಾ?"

"ಲಿಫ್ಟಿಂದು ಏನೋ."

"ನಮ್ಮಕ್ಕನ ಕಿವಿ ಇದು. ಪರೀಕ್ಷೆ ಮಾಡಿ ಆಸ್ಪತ್ರೇಲಿ ಕೊಟ್ಟದ್ದು." ಗ್ರೀಸಿನ ಗೆರೆಯುಳಿದ ಬೆರಳನ್ನು ಗೀಟಿನ ಮೇಲೆ ಎಡದಿಂದ ಬಲಕ್ಕೆ ಎಳೆದ. "ಎಡಗಡೆ ದಪ್ಪ ಸ್ವರ, ಬಲಗಡೆ ಸಣ್ಣ ಸ್ವರ. ಇಲ್ಲೀತನಕ ಕೇಳತ್ತೆ. ಇಲ್ಲಿಂದಾಚೆ ಬರೀ ಮೆಟ್ಟಿಲು, ಲಿಫ್ಟಿಲ್ಲ. ನಿನ್ನ ಬೆಳ್ಳಿ ಎಳೆ ಇದೆಯಲ್ಲ, ಅದು ಅವಳ ಪಾಲಿಗೆ ಇಲ್ಲವೇ ಇಲ್ಲ."

ಆಮೇಲೆ ಒಂದೊಂದೇ ಹೇಳಿದ. ಅಮ್ಮ ಪಾಳಿಯ ಕೆಲಸಕ್ಕೆ ಹೋದಾಗ ಅವನನ್ನು ನೋಡಿಕೊಂಡವಳು ಆರು ವರ್ಷ ದೊಡ್ಡವಳಾದ ಅಕ್ಕ. ಬೀಗ ಹಾಕಿದ ಮನೆಯಲ್ಲಿ ಇಬ್ಬರಿಗೂ ಇದ್ದದ್ದು ಆ ಗೇಮ್ ಒಂದೇ. ಗುಂಡಿ ಒತ್ತುವವಳು ಅವಳು, ಪಕ್ಕದಲ್ಲಿ ಕೂತು ಹೆದರುವವನು ಇವನು. ಇವನು ತೀರಾ ಹೆದರಿದಾಗ ಅಕ್ಕ ದೋಣಿಯನ್ನು ದಡಕ್ಕೆ ತಂದು ನಿಲ್ಲಿಸಿ, ಇವನು ನಿದ್ದೆ ಹೋಗುವವರೆಗೆ ಹಾಗೇ ಬಿಡುತ್ತಿದ್ದಳು. ಹದಿನೆಂಟಕ್ಕೇ ನೂಲಿನ ಗಿರಣಿ ಸೇರಿದಳು. ಇವನು ಯಂತ್ರದ ಕೆಲಸ ಕಲಿತು ಮುಗಿಸಲಿ ಎಂದು. ಕಿವಿಗೆ ಹತ್ತಿ ಕೂಡ ಇಟ್ಟುಕೊಳ್ಳದೆ ಇಪ್ಪತ್ತು ವರ್ಷ ಆ ಸದ್ದಿನಲ್ಲಿ ನಿಂತಳು. ಅಪ್ಪನ ಕಿವಿಯೂ ಹಾಗೇ ಹೋಗಿತ್ತು. ಗಿರಣಿಯದು ಅರ್ಧ, ಮನೆತನದ್ದು ಅರ್ಧ. ಈಗ ಕಿವಿಯೊಳಗೆ ಯಂತ್ರ ಕೂರಿಸುತ್ತಾರೆ. ಬುಧವಾರ ಆಪರೇಶನ್.

"ಯಂತ್ರ ಕೂರಿಸಿದ ಮೇಲೆ ಮಾತು ಚೆನ್ನಾಗಿ ಕೇಳಬಹುದು. ಆದರೆ ಅವಳದೇ ಅಂತ ಉಳಿದಿರೋ ಈ ಚೂರು ಹೋದರೂ ಹೋಗಬಹುದು ಅಂದಿದ್ದಾರೆ ಡಾಕ್ಟ್ರು. ಸಂಗೀತ ಆಮೇಲೆ ಬೇರೆ ಥರಾನೇ ಕೇಳತ್ತಂತೆ. ಅದಕ್ಕೆ ಮುಂಚೆ ಒಂದು ಸಲ, ಅವಳ ಸ್ವಂತ ಕಿವೀಲಿ ದಡ ಕೇಳಿಸಬೇಕು ಅಂತ." ಹಾಳೆಯನ್ನು ಮತ್ತೆ ಗೋಡೆಗೆ ಚುಚ್ಚಿದ. "ನಿನಗೆ ಮೊದಲೇ ಹೇಳಬೇಕಿತ್ತು. ಹೇಳಿದ್ರೆ ಪಾಪ ಅಂತ ನುಡಿಸ್ತೀಯ ಅನ್ನಿಸಿತು. ಚೆನ್ನಾಗಿ ನುಡಿಸಲಿ ಅಂತ ಸುಮ್ಮನಿದ್ದೆ."

ಪಿಟೀಲಮ್ಮ ಪೆಟ್ಟಿಗೆ ತೆರೆದಳು. "ದಪ್ಪ ತಂತಿದು ಇನ್ನೊಂದು ಸಲ ತಗೊಳ್ಳಿ. ಅವತ್ತು ಬೇಜಾರಲ್ಲಿ ನುಡಿಸಿದ್ದೆ," ಎಂದಳು.

ಆ ಸಲದ್ದೇ ಕೊನೆಗೂ ಉಳಿಯಿತು. ಗಂಟೆಯ 'ಟಿಣ್' ಅಕ್ಕನಿಗೆ ಕೇಳದು ಎಂದು, ಅದೇ ಜಾಗದಲ್ಲಿ ಗಿಟಾರಿನ ದಪ್ಪ ತಂತಿಯನ್ನು ಹೆಬ್ಬೆರಳಿಂದ 'ಧಿಮ್' ಎಂದು ತಟ್ಟಿ ಸೇರಿಸಿದ. ಲೋಟದ ಸದ್ದನ್ನೂ ತೆಗೆಯದೆ ಉಳಿಸಿಕೊಂಡ. ತಗ್ಗಿನ ಸ್ವರಗಳನ್ನೆಲ್ಲ ಆ ಹಾಳೆಯ ಗೀಟು ನೋಡಿ ನೋಡಿ, ಎಲ್ಲಿ ಎಷ್ಟು ಬೇಕೋ ಅಷ್ಟಷ್ಟೇ ಎತ್ತಿದ.

ಆಪರೇಶನ್ನಿಗೆ ಮೂರು ದಿನ ಮುಂಚೆ, ಭಾನುವಾರ ಬೆಳಿಗ್ಗೆ ಅಕ್ಕ ಬಂದಳು. ಎತ್ತರದ ಹೆಂಗಸು, ಕೂದಲು ಪೂರ್ತಿ ನರೆತಿತ್ತು. ಎದುರಿಗೆ ನಿಂತು ತುಟಿ ಕಾಣುವಂತೆ ಮಾತಾಡಿದರೆ ಅರ್ಥವಾಗುತ್ತಿತ್ತು. ಅವಳ ದನಿ ಮಾತ್ರ ಬೀದಿ ಆಚೆಗೂ ಕೇಳುವಷ್ಟು ಜೋರು.

"ಇವಳೇನೋ ಪಿಟೀಲು? ಊಟ ಸರಿಯಾಗಿ ಮಾಡ್ತಾಳೇನೋ ಇವಳು?"

"ಅಕ್ಕಾ, ಅವಳಿಗೆ ಕೇಳತ್ತೆ, ನಿಧಾನ."

"ಕೇಳಲಿ ಅಂತಾನೇ ಹೇಳಿದ್ದು."

ದೊಡ್ಡ ಹೆಡ್‌ಫೋನನ್ನು ಲಿಫ್ಟಣ್ಣ ತಾನೇ ಅವಳ ತಲೆಗೆ ಇಟ್ಟ.

ಅಕ್ಕ ಕಣ್ಣು ಮುಚ್ಚಿದಳು. ಮುಖದಲ್ಲಿ ಏನೋ ಸಡಿಲವಾಯಿತು. ಹೆಬ್ಬೆರಳು ಮಂಡಿಯ ಮೇಲೆ ತಾಳ ಹಾಕಿತು. ಅರ್ಧ ನಿಮಿಷಕ್ಕೆ ಹುಬ್ಬು ಗಂಟಿಕ್ಕಿತು. ಕಣ್ಣು ತೆರೆದು ಮೇಲೆ ಕೆಳಗೆ ನೋಡಿದಳು.

"ಪುಟ್ಟಾ, ರಾಗ ಅದೇ ಕಣೋ. ಆದ್ರೆ ಇದೇನೋ ಇದು, 'ಮ್‌ಮ್‌ಮ್' ಅಂತ? ದೋಣಿಗೆ ಮೋಟರ್ ಹಾಕಿದ್ದೀಯಾ?"

ಲಿಫ್ಟಣ್ಣ ಹೆಡ್‌ಫೋನ್ ತೆಗೆದುಕೊಂಡು ಕೇಳಿದ. ಏನೂ ಇಲ್ಲ ಎಂದ. ಮತ್ತೆ ಕೇಳಿದ. ಮೂರನೇ ಸಲ ಅವನ ಮುಖ ಬಿಳುಚಿಕೊಂಡಿತು.

ಲಿಫ್ಟ್ ನಿಂತಿದ್ದಾಗಲೂ ಯಂತ್ರದ ಕೋಣೆಯ ಕರೆಂಟಿನ ಪೆಟ್ಟಿಗೆ ಸಣ್ಣಗೆ ಗುಂಯ್‌ಗುಡುತ್ತಲೇ ಇರುತ್ತದೆ. ಇಪ್ಪತ್ತೆರಡು ವರ್ಷ ಅದರ ಪಕ್ಕದಲ್ಲೇ ಬದುಕಿದವನಿಗೆ ಆ ಸದ್ದು ಸದ್ದೇ ಅಲ್ಲ, ಮೌನ. ಪಿಟೀಲಮ್ಮ ತನ್ನ ಚಿಕ್ಕ ಇಯರ್‌ಫೋನಿನಲ್ಲಿ ಕೇಳಿದವಳು, ಅದರಲ್ಲಿ ಅಷ್ಟು ತಗ್ಗಿನ ಸದ್ದು ಬರುವುದೇ ಇಲ್ಲ. ಬಾವಿಯ ಗುಂಗಿನ ಜೊತೆ ಅದೂ ಬಂದು ಕೂತಿತ್ತು. ಅಕ್ಕನಿಗಾಗಿ ತಗ್ಗನ್ನೆಲ್ಲ ಎತ್ತಿದಾಗ ಅದೂ ಎದ್ದು ನಿಂತಿತ್ತು. ಬೇರೆಯವರ ಕಿವಿಗೆ ತಪ್ಪಿಸಿಕೊಂಡದ್ದು, ತಗ್ಗೊಂದೇ ಉಳಿದಿದ್ದ ಕಿವಿಗೆ ಸಿಕ್ಕಿಬಿದ್ದಿತ್ತು.

"ಇರಲಿ ಬಿಡೋ," ಎಂದಳು ಅಕ್ಕ, ತಮ್ಮನ ಮುಖ ನೋಡಿ. ಮತ್ತೆ ಒಂದು ಗಳಿಗೆ ಯೋಚಿಸಿ, "ಇಲ್ಲ, ಬೇಡ. ತೆಗಿ. ಕೊನೇ ಸಲ ಕೇಳೋದು, ಮೋಟರ್ ದೋಣೀಲಿ ಕೂತ್ಕೊಂಡು ಯಾಕೆ ಕೇಳಲಿ?" ಎಂದಳು.

ಅವಳು ಬಸ್ ಹತ್ತಿ ಹೋದ ಮೇಲೆ ಲಿಫ್ಟಣ್ಣ ಲ್ಯಾಪ್‌ಟಾಪಿನ ಮುಂದೆ ಕೂತ. ಆ ಗುಂಯ್ ಅನ್ನು ಕತ್ತರಿಸಿದರೆ ಗಿಟಾರಿನ ಹೊಟ್ಟೆಯೂ ಹೋಗುತ್ತಿತ್ತು. ಎರಡೂ ಒಂದೇ ತಗ್ಗಿನ ಸ್ವರದಲ್ಲಿದ್ದವು. ಬಾವಿಯ ಗುಂಗನ್ನೇ ತೆಗೆದರೆ ಮತ್ತೆ ಮೂರು ಮನೆ. ಉಳಿದ ದಾರಿ ಒಂದೇ. ಮುಖ್ಯ ಸ್ವಿಚ್ ಆರಿಸಿ, ಬಾವಿಯ ಕೆಲಸವನ್ನೆಲ್ಲ ಮತ್ತೆ ಮಾಡುವುದು. ಇಪ್ಪತ್ತು ನಿಮಿಷ ಸಾಕು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಸ್ಪೀಕರ್ ಸಹ. ಇದನ್ನೆಲ್ಲ ಅವನೇ ಹೇಳಿದ. ಹೇಳಿ, "ಆದರೆ ಅದಾಗಲ್ಲ," ಎಂದು ಎದ್ದು ಹೋಗಿ ತಾರಸಿಯ ಗೋಡೆಗೆ ಒರಗಿ ನಿಂತ.

ಮೇಷ್ಟ್ರು ಪಿಟೀಲಮ್ಮನ ಮುಖ ನೋಡಿದರು. ಪಿಟೀಲಮ್ಮ ಒಂದು ಬಿಳಿ ಹಾಳೆ, ಪೆನ್ನು ಹಿಡಿದುಕೊಂಡು ಮೆಟ್ಟಿಲಿಳಿದಳು.

ಆಸ್ಪತ್ರೆ ಬಿಟ್ಟು ಆ ಕಟ್ಟಡದಲ್ಲಿ ಒಂಬತ್ತು ಮನೆ. ಒಂದೊಂದು ಬಾಗಿಲಿಗೂ ನಿಂತು ಅದನ್ನೇ ಹೇಳಿದಳು. ಲಿಫ್ಟಣ್ಣನ ಅಕ್ಕ, ಅವಳ ಕಿವಿ, ಇಪ್ಪತ್ತು ನಿಮಿಷ. ಮೊದಲ ಬಾಗಿಲಲ್ಲಿ ದನಿ ಹೊರಡಲಿಲ್ಲ, ನಾಲ್ಕನೆಯದರಲ್ಲಿ ಸರಾಗವಾಯಿತು. ಎಲ್ಲರೂ ಸಹಿ ಹಾಕಿದರು. ತಕರಾರು ತೆಗೆದವರು ಒಬ್ಬರೇ, ಒಂದನೇ ಮಹಡಿಯ ಯಜಮಾನರು. ಅವರು ಲಿಫ್ಟ್ ಹತ್ತಿದ್ದನ್ನು ಈವರೆಗೆ ಯಾರೂ ಕಂಡಿರಲಿಲ್ಲ.

"ಅದು ನನ್ನ ಹಕ್ಕಮ್ಮ. ಆ ಇಪ್ಪತ್ತು ನಿಮಿಷದಲ್ಲೇ ನನಗೆ ಹತ್ತಬೇಕು ಅನ್ನಿಸಿದ್ರೆ?"

"ಅನ್ನಿಸಿದ್ರೆ ಒಂದು ಮಹಡಿ ನಾನೇ ಹೊತ್ಕೊಂಡು ಹೋಗ್ತೀನಿ ಸರ್."

ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು. ಸಹಿ ಬಿತ್ತು.

ಮೂರನೇ ಮಹಡಿಯ ಅಜ್ಜಿಯನ್ನು ಅವಳು ಕೊನೆಗೆ ಉಳಿಸಿಕೊಂಡಿದ್ದಳು. ಅಜ್ಜಿ ದಿನವೂ ನಾಲ್ಕಕ್ಕೆ ಇಳಿದು ಗೇಟಿನ ಪಕ್ಕದ ಬೆಂಚಿನ ಮೇಲೆ ಕೂರುವವರು. ಪೂರ್ತಿ ಕೇಳಿಸಿಕೊಂಡರು. "ಅವನೇ ಯಾಕೆ ಬಂದು ಕೇಳಲಿಲ್ಲ?"

"ತನಗೋಸ್ಕರ ನಿಲ್ಲಿಸಲ್ಲ ಅಂತಾರೆ ಅಜ್ಜಿ. ನಿಮ್ಮ ಮಂಡಿ ಅಂತಾರೆ."

"ನನ್ನ ಮಂಡಿ ನನಗೆ ಬಿಡೋಕೆ ಹೇಳು." ಅಜ್ಜಿ ಪೆನ್ನು ತೆಗೆದುಕೊಂಡರು. "ಮೂರೂವರೆಗೇ ಇಳಿದು ಕೂತಿರ್ತೀನಿ. ಇಪ್ಪತ್ತು ನಿಮಿಷ ಯಾಕೆ, ಒಂದು ಗಂಟೆ ತಗೊಳ್ಳಿ. ಆದ್ರೆ ಆ ಹಾಡು ನನಗೂ ಒಂದ್ಸಲ ಕೇಳಿಸಬೇಕು."

ಲಿಫ್ಟಣ್ಣ ಆ ಹಾಳೆಯನ್ನು ಹಿಡಿದುಕೊಂಡು ಒಂದೊಂದು ಸಹಿಯನ್ನೂ ಓದಿದ. ಬಾಗಿಲಿಗೆ ನೇತುಹಾಕಲು 'ದುರಸ್ತಿ ನಡೆಯುತ್ತಿದೆ' ಎಂಬ ಫಲಕ ಸಿದ್ಧವಾಗಿಯೇ ಇತ್ತು. ಅದನ್ನು ಅವನು ಮುಟ್ಟಲಿಲ್ಲ, ಅದು ಸುಳ್ಳಾಗುತ್ತಿತ್ತು. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದ: 'ಸಂಗೀತಕ್ಕಾಗಿ ಇಪ್ಪತ್ತು ನಿಮಿಷ ನಿಲ್ಲಿಸಿದೆ. ಒಪ್ಪಿದ ಎಲ್ಲರಿಗೂ ನಮಸ್ಕಾರ.' ಪ್ರತಿ ಮಹಡಿಗೂ ಒಂದೊಂದು ಕಟ್ಟಿದ. ಲಿಫ್ಟಿನೊಳಗೆ ಯಾರೂ ಇಲ್ಲವೆಂದು ತಾನೇ ಹೋಗಿ ನೋಡಿ, ಮೆಟ್ಟಿಲು ಹತ್ತಿ ಬಂದು, ನಾಲ್ಕು ಗಂಟೆಗೆ ಮುಖ್ಯ ಸ್ವಿಚ್ ಆರಿಸಿದ.

ಆಗ ಬಂದ ಮೌನ ಪಿಟೀಲಮ್ಮನಿಗೂ ಕೇಳಿಸಿತು. ಲಿಫ್ಟಣ್ಣ ಒಂದು ಕ್ಷಣ ತಬ್ಬಿಬ್ಬಾಗಿ ನಿಂತ. ತನ್ನ ಮನೆಯ ಪಕ್ಕದ ಕೋಣೆ ನಿಜಕ್ಕೂ ಸುಮ್ಮನಿರುವುದನ್ನು ಅವನು ಕೇಳಿದ್ದು ಅದೇ ಮೊದಲು.

ಹದಿನೇಳು ನಿಮಿಷಕ್ಕೆ ಕೆಲಸ ಮುಗಿಯಿತು. ಉಳಿದ ಮೂರು ನಿಮಿಷವನ್ನು ಅವನು ಇಟ್ಟುಕೊಳ್ಳಲಿಲ್ಲ. ತಕ್ಷಣ ಸ್ವಿಚ್ ಹಾಕಿ, ಕೆಳಗೆ ಹೋಗಿ ಅಜ್ಜಿಯನ್ನು ಕೈಹಿಡಿದು ಮೇಲೆ ಕರೆತಂದ.

ಮಂಗಳವಾರ ಬೆಳಿಗ್ಗೆ, ಆಸ್ಪತ್ರೆಗೆ ಸೇರುವ ಮುಂಚೆ ಅಕ್ಕ ಮತ್ತೆ ಬಂದಳು. ಬಟ್ಟೆಯ ಚೀಲವನ್ನು ಬಾಗಿಲ ಬಳಿಯೇ ಇಟ್ಟು ಕೂತಳು. ಪಿಟೀಲಮ್ಮ ಕೆಲಸಕ್ಕೆ ಅರ್ಧ ಗಂಟೆ ತಡವಾಗುತ್ತದೆಂದು ಹೇಳಿ ಬಂದಿದ್ದಳು. ಮೇಷ್ಟ್ರು ಬಾಗಿಲಲ್ಲೇ ನಿಂತರು.

ಒಂದು ವಿಷಯ ಇನ್ನೂ ತೀರ್ಮಾನವಾಗಿರಲಿಲ್ಲ. ಗೇಮಿನ ರಾಗಕ್ಕೆ ಕೊನೆ ಇಲ್ಲ, ಸುತ್ತುತ್ತಲೇ ಇರುತ್ತದೆ. ಹಾಡಾಗಬೇಕಾದರೆ ಎಲ್ಲಾದರೂ ಮುಗಿಯಬೇಕಲ್ಲ. ಹೇಗೆ ಮುಗಿಸಿದರೂ ಲಿಫ್ಟಣ್ಣನಿಗೆ ಸರಿ ಬಂದಿರಲಿಲ್ಲ. ಹಾಗಾಗಿ ಆರು ಸುತ್ತು ಹಾಗೇ ಬಿಟ್ಟಿದ್ದ.

ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಈ ಸಲ ಹುಬ್ಬು ಗಂಟಾಗಲಿಲ್ಲ. ಮಂಡಿಯ ಮೇಲೆ ಎರಡೂ ಹೆಬ್ಬೆರಳು ಆಡುತ್ತಿದ್ದವು, ಗುಂಡಿ ಒತ್ತುವಂತೆ. ಸುತ್ತಿನ ಮೇಲೆ ಸುತ್ತು. ಒಮ್ಮೆ ಕೈ ಚಾಚಿ ತಮ್ಮನ ತಲೆಯನ್ನು ತನ್ನ ಭುಜದ ಕಡೆಗೆ ಒತ್ತಿಕೊಂಡಳು, ನಿದ್ದೆ ಬರಿಸುವವಳಂತೆ. ನಲವತ್ತೈದರ ಗಂಡಸು ಹಾಗೇ ಕೂತ. ಐದನೇ ಸುತ್ತಿನಲ್ಲಿ, ಸಾಲಿನ ನಡುವೆಯೇ, ಅವಳ ಬಲ ಹೆಬ್ಬೆರಳು ಒಂದು ಸಲ ಗಟ್ಟಿಯಾಗಿ ಒತ್ತಿ ನಿಂತಿತು. ಕಣ್ಣು ತೆರೆದಳು.

"ಸಾಕು. ಇನ್ನು ಹೊರಡೋಣ," ಎಂದಳು, ಎಂದಿನ ಜೋರು ದನಿಯಲ್ಲಿ.

ಚೀಲ ಎತ್ತಿಕೊಂಡು ಹೊರಟಳು. ಮೆಟ್ಟಿಲ ಬಳಿ ಹೋದವಳನ್ನು ಲಿಫ್ಟಣ್ಣ ತಡೆದು, ಲಿಫ್ಟಿನ ಬಾಗಿಲು ತೆರೆದು ಹಿಡಿದ. ಅಂದು ಸಂಜೆ ಆಸ್ಪತ್ರೆಯಿಂದ ಬಂದು, ಹೆಬ್ಬೆರಳು ನಿಂತ ಜಾಗದಲ್ಲೇ, ಐದನೇ ಸುತ್ತಿನ ಅರ್ಧ ಸಾಲಿಗೆ ಹಾಡನ್ನು ಮುಗಿಸಿದ. ಬಾವಿಯ ಗುಂಗು ಮಾತ್ರ ಇನ್ನೆರಡು ಕ್ಷಣ ಉಳಿಯುತ್ತದೆ.

ಇಂಟರ್ನೆಟ್ಟಿಗೆ ಹಾಕಿದ್ದರಲ್ಲಿ ಬೆಳ್ಳಿ ಎಳೆ ಮುಂದೆ ಇದೆ. ಲಿಫ್ಟಣ್ಣ ಅದನ್ನೂ ಅಷ್ಟೇ ಅಕ್ಕರೆಯಿಂದ ಬೇರೆಯಾಗಿ ಮಾಡಿದ. ಕೇಳಿದವರು ನಾನೂರ ಚಿಲ್ಲರೆ ಜನ. ಕೊನೆ ಯಾಕೆ ತುಂಡಾಗಿದೆ ಎಂದು ಹಲವರು ಕೇಳಿದ್ದಾರೆ. ಪಿಟೀಲಮ್ಮ ಮನೆಯಲ್ಲಿ ಹಾಕಿಕೊಳ್ಳುವುದು ಕಪ್ಪೆಯ ದನಿಯದನ್ನು.

ಅಕ್ಕನ ಆಪರೇಶನ್ ಆಗಿ ಎಂಟು ತಿಂಗಳಾಯಿತು. ತಮ್ಮನ ಮಾತು ಈಗ ತುಟಿ ನೋಡದೆಯೂ ತಿಳಿಯುತ್ತದೆ. ಪಿಟೀಲು ತಗಡು ಕೆರೆದಂತೆ ಕೇಳುತ್ತದೆ ಎಂದು ಪಿಟೀಲಮ್ಮನಿಗೆ ಮುಖಕ್ಕೇ ಹೇಳಿದ್ದಾಳೆ. ದಡದ ರಾಗದಲ್ಲಿ ಅವಳು ಮೊದಲು ಗುರುತು ಹಿಡಿದದ್ದು ಆಪರೇಶನ್ನಿಗೆ ಮುಂಚೆ ಕೇಳದಿದ್ದ ಸ್ಟೀ‌ಲ್ ಲೋಟವನ್ನು. ಉಳಿದದ್ದನ್ನು ವಾರಕ್ಕೊಂದು ವಾದ್ಯದಂತೆ, ಒಂದೊಂದಾಗಿ ಬಿಡಿಸಿ ಲಿಫ್ಟಣ್ಣ ಕೇಳಿಸುತ್ತಾನೆ.

ಲಿಫ್ಟಣ್ಣ ಈಗ ಒಂಬತ್ತು ಕಟ್ಟಡಗಳ ಲಿಫ್ಟ್ ನೋಡಿಕೊಳ್ಳುತ್ತಾನೆ. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಕಿವಿ ಮಂದವಾದವರು ತಮ್ಮ ಕಿವಿಯ ಹಾಳೆ ತಂದರೆ, ಅದನ್ನು ಗೋಡೆಗೆ ಚುಚ್ಚಿಕೊಂಡು ಅವರಿಗೆ ಬೇಕಾದ ಹಾಡನ್ನು ಆ ಅಳತೆಗೆ ಮಿಕ್ಸಿಂಗ್ ಮಾಡಿಕೊಡುತ್ತಾನೆ.